ಎಡಗಡೆಯ ಮುಂದಿನ ಗಾಲಿ

"ಜಂಬಣ್ಣ, ನಿನ್ನ ಕೈ ಯಾಕಪಾ ಹಿಂಗ ನಡಗಾಕತ್ತಾವು?"

ಪಕ್ಕದ ಮನೆಯ ಚಿದಾನಂದಪ್ಪನವರು ಕಾರಿನ ಮುಂದಿನ ಸೀಟಿನಲ್ಲಿ ಕೂತು, ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡು ಈ ಪ್ರಶ್ನೆ ಕೇಳಿದ್ದು ಬಳ್ಳಾರಿಯ ಸುಧಾ ಕ್ರಾಸಿನಲ್ಲಿ. ಚಿದಾನಂದಪ್ಪನವರು ನಿವೃತ್ತ ಸರ್ವೇಯರು. ನೌಕರಿಯಲ್ಲಿದ್ದಷ್ಟು ದಿನ ಪರರ ಹೊಲ ಅಳೆದರು, ನಿವೃತ್ತಿಯಾದ ಮೇಲೆ ಪರರ ಆರೋಗ್ಯ ಅಳೆಯುತ್ತಿದ್ದಾರೆ. ಎದುರಿಗೆ ಆಟೋ ಅಡ್ಡ ಬಂದಿತ್ತು. ಜಂಬುನಾಥ ಬ್ರೇಕ್ ಒತ್ತಿದ್ದ. ಒತ್ತಿದ ಕೂಡಲೇ ಕಾಲ ಕೆಳಗಿನ ಪೆಡಲು ನಡುಗಿತು, ಸ್ಟೇರಿಂಗು ಜೋಳ ಜರಡಿ ಹಿಡಿದಂತೆ ಅತ್ತಿತ್ತ ಅಲುಗಿತು, ಅದನ್ನು ಹಿಡಿದ ಎರಡು ಕೈಗಳೂ ಅಲುಗಿದವು. ಚಿದಾನಂದಪ್ಪನವರು ನೋಡಿದ್ದು ಕೈಗಳನ್ನು ಮಾತ್ರ.

"ಕೈ ಅಲ್ರಿ, ಬ್ರೇಕು" ಎಂದುಬಿಟ್ಟಿದ್ದರೆ ಈ ಕಥೆ ಸುಧಾ ಕ್ರಾಸಿನಲ್ಲೇ ಮುಗಿಯುತ್ತಿತ್ತು. ಆದರೆ ಜಂಬುನಾಥ ಹಾಗೆನ್ನುವಂತಿರಲಿಲ್ಲ. ಹೋದ ಭಾನುವಾರವಷ್ಟೇ ಅವನು ವಿಡಿಯೋ ನೋಡಿ, ಮನೆಯ ಮುಂದೆ ಜಾಕು ಕೊಟ್ಟು, ಸ್ವಂತ ಕೈಯಿಂದ ಮುಂದಿನ ಎರಡೂ ಗಾಲಿಗಳ ಬ್ರೇಕ್ ಪ್ಯಾಡ್ ಬದಲಾಯಿಸಿದ್ದ. ಕೊನೆಯ ಗಾಲಿಯನ್ನು ಇನ್ನೂ ಕೂರಿಸದೆ, ಅದನ್ನು ಅಂಗಳದಲ್ಲೇ ಬೋರಲು ಮಲಗಿಸಿ, ಹೆಂಡತಿ ಗಂಗೋತ್ರಿಯನ್ನು ಅದರ ಕಾವಲಿಗೆ ನಿಲ್ಲಿಸಿ, ಗೇಟಿನ ಹತ್ತಿರ ಹೋಗಿ ಕರಿಹಿಡಿದ ಕೈಗಳನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡಿದ್ದ. ಫೋಟೋ ತೆಗೆದದ್ದು ಇದೇ ಚಿದಾನಂದಪ್ಪನವರು. ಮೊದಲ ಮೂರರಲ್ಲಿ ತಲೆಯೇ ಬಂದಿರಲಿಲ್ಲವಾದ್ದರಿಂದ ಸಾಕಷ್ಟು ಹೊತ್ತು ಹಿಡಿಯಿತು. ಆಮೇಲೆ ಆ ಫೋಟೋ ನಲವತ್ತೊಂದು ಜನರಿರುವ ಬೀಗರ ವಾಟ್ಸಾಪ್ ಗುಂಪಿಗೆ ಹೋಯಿತು. ಕೆಳಗೆ ಒಕ್ಕಣೆ: "ಮೆಕ್ಯಾನಿಕ್ ಬೇಕಿಲ್ಲ, ಮನಸ್ಸು ಬೇಕು."

ಆ ಒಕ್ಕಣೆಗೆ ಇನ್ನೂ ಐದು ದಿನ ತುಂಬಿರಲಿಲ್ಲ.

"ಏನಿಲ್ರಿ ಅಣ್ಣಾರ," ಎಂದ ಜಂಬುನಾಥ, "ಸ್ವಲ್ಪ ನರದ ವೀಕ್ನೆಸ್ಸು."

ಕೈಕೆಲಸದ ಮಾನ ಉಳಿಸಲು ಕೈಗಳನ್ನೇ ಬಿಟ್ಟುಕೊಟ್ಟ ಮನುಷ್ಯ ಬಳ್ಳಾರಿ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು.

ಚಿದಾನಂದಪ್ಪನವರು ಮನೆ ಮುಂದೆ ಇಳಿಯುವಾಗ ತರಕಾರಿ ಚೀಲ ಮರೆತರು, ಸುದ್ದಿಯನ್ನು ಮರೆಯಲಿಲ್ಲ. ಸಂಜೆ ಐದಕ್ಕೆ ಅವರ ಹೆಂಡತಿ ಸುಂಕಮ್ಮ ನುಗ್ಗೆಸೊಪ್ಪಿನ ಕಟ್ಟು ತಂದು ಗಂಗೋತ್ರಿಯ ಕೈಗಿಟ್ಟರು. "ದಿನಾ ಒಂದು ಹಿಡಿ ಕುದಿಸಿ ರಸ ಕೊಡವಾ. ನಮ್ಮ ಮಾವಗೂ ಹಿಂಗ ಸುರು ಆಗಿತ್ತು. ಮೊದಲು ಕೈ, ಆಮ್ಯಾಲ ಗದ್ದ, ಆಮ್ಯಾಲ…" ಎಂದು ಆಕಾಶ ನೋಡಿದರು. ಗಂಗೋತ್ರಿ ಗಾಬರಿಯಾಗಿ ಒಂದು ಹಿಡಿಯಲ್ಲ, ಇಡೀ ಕಟ್ಟನ್ನೇ ಕುದಿಸಿದಳು.

ಮರುದಿನ ಜಂಬುನಾಥ ಗುಮಾಸ್ತನಾಗಿದ್ದ ಕಾಲೇಜಿನಲ್ಲಿ ಜವಾನ ಅವನಿಗೆ ಅರ್ಧ ಕಪ್ಪು ಚಹಾ ತಂದಿಟ್ಟ. "ತುಂಬ ಹಾಕಿದ್ರ ಚೆಲ್ಲತೈತಲ್ರಿ ಸಾರ್, ಅದಕ್ಕ" ಎಂದು ಬಹಳ ಮರುಕದಿಂದ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಪ್ರಿನ್ಸಿಪಾಲರು ಕರೆದು, ವರ್ಗಾವಣೆ ಪತ್ರಗಳಿಗೆ ಅಂಕಿ ತುಂಬುವ ಕೆಲಸವನ್ನು ಕೆಲವು ದಿನ ಬೇರೆಯವರು ಮಾಡಲಿ ಎಂದರು.

ಇಷ್ಟಾದರೂ ಜಂಬುನಾಥ ಸಹಿಸಿಕೊಳ್ಳುತ್ತಿದ್ದ. ಸಹಿಸಿಕೊಳ್ಳುವುದು ಅವನ ಕಸುಬೇ ಆಗಿತ್ತು. ಆದರೆ ಸಂಜೆ ಸಿರುಗುಪ್ಪದಿಂದ ಮಾವನ ಫೋನು ಬಂತು.

ಮಾವ ಮರಿಬಸಪ್ಪ ಮೂವತ್ತಾರು ವರ್ಷ ಸಾರಿಗೆ ಬಸ್ಸು ಓಡಿಸಿ, ಒಂದು ಕೋಳಿಗೂ ಗಾಲಿ ತಾಗಿಸದೆ ನಿವೃತ್ತರಾದವರು. ಆಮೇಲೆ ತಮಗೆಂದು ಈ ಬಿಳಿ ಕಾರು ಕೊಂಡರು. ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಇನ್ನು ಗಾಡಿ ಓಡಿಸಬೇಡಿ ಎಂದರು. ಅಳಿಯಂದಿರು ಇಬ್ಬರು. ಚಿಕ್ಕವನಾದ ಕುರುಗೋಡಿನ ಹಂಪೇಶ ಗೊಬ್ಬರದಂಗಡಿ ಇಟ್ಟ ಗಟ್ಟಿ ಕುಳ. ಕಾರಿನ ಮೇಲೆ ಅವನ ಕಣ್ಣು ಮೊದಲಿನಿಂದಲೂ ಇತ್ತು. ಆದರೂ ಮರಿಬಸಪ್ಪ ಯಾಕೋ ಏನೋ, ಹಿರಿಯ ಅಳಿಯನ ಕೈಗೆ ಕೀಲಿ ಕೊಟ್ಟರು. ಷರತ್ತು ಒಂದೇ: ಪ್ರತಿ ಅಮಾವಾಸ್ಯೆಗೆ ಸಿರುಗುಪ್ಪಕ್ಕೆ ಬಂದು ತಮ್ಮನ್ನು ಕುರುಗೋಡಿನ ಬಸವಣ್ಣನ ದರ್ಶನಕ್ಕೆ ಕರೆದೊಯ್ಯಬೇಕು. ಜಂಬುನಾಥನಿಗೆ ನಲವತ್ತಾರು ವರ್ಷದಲ್ಲಿ ಯಾರಾದರೂ ನಂಬಿ ಕೊಟ್ಟ ಮೊದಲ ವಸ್ತು ಆ ಕೀಲಿ. ಕಾಲೇಜಿನಲ್ಲಿ ಅವನದೇ ಬೀರುವಿನ ಕೀಲಿ ಕೂಡ ಪ್ರಿನ್ಸಿಪಾಲರ ಬಳಿ ಇರುತ್ತಿತ್ತು.

ಹಾಗಂತ ಮರಿಬಸಪ್ಪ ಪೂರ್ತಿ ನಂಬಿದ್ದರೆಂದಲ್ಲ. ಅಳಿಯನ ಪಕ್ಕದಲ್ಲಿ ಕೂತಾಗ ದಾರಿಯುದ್ದಕ್ಕೂ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಒತ್ತಿ ಒತ್ತಿ ಆ ಜಾಗದಲ್ಲಿ ಮ್ಯಾಟು ಸವೆದು ತೂತಾಗಿತ್ತು. ಬೇರೆಯವರು ಓಡಿಸುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ಕಂಡವರಿಲ್ಲ. ಕಣ್ಣಿನ ಆಪರೇಷನ್ ಆದ ದಿನವೂ ಪಟ್ಟಿ ಕಟ್ಟದ ಇನ್ನೊಂದು ಕಣ್ಣಿನಿಂದ ಸಿರುಗುಪ್ಪದವರೆಗೆ ರಸ್ತೆ ಕಾದಿದ್ದರು.

"ಅಳಿಯಾ," ಎಂದರು ಫೋನಿನಲ್ಲಿ, "ಕೈ ನಡಗತಾವಂತಲ್ಲ?"

"ಅಂಥಾದ್ದೇನಿಲ್ಲ ಮಾಮಾ…"

"ನಡಗೋ ಕೈಯಾಗ ಸ್ಟೇರಿಂಗ್ ಕೊಡೋದು ಪಾಪ. ಭಾನುವಾರ ಅಮಾಸಿ. ಗಾಡಿ ತಗೊಂಡು ಬಾ. ಹಂಪೇಶನೂ ಬರತಾನ. ನೋಡೋಣು."

ಆ "ನೋಡೋಣು" ಕೇಳಿದ ಮೇಲೆ ಜಂಬುನಾಥನಿಗೆ ನುಗ್ಗೆರಸವೂ ಇಳಿಯಲಿಲ್ಲ. ಕೈ ನಡುಗುತ್ತದೆ ಎಂದರೆ ಕೀಲಿ ಹಂಪೇಶನಿಗೆ. ಕೈ ನಡುಗುವುದಿಲ್ಲ, ಬ್ರೇಕು ನಡುಗುತ್ತದೆ ಎಂದರೆ ಮಾವನ ಗಾಡಿ ಕೆಡಿಸಿದವನು ತಾನೇ, ಆಗಲೂ ಕೀಲಿ ಹಂಪೇಶನಿಗೆ. ಉಳಿದ ದಾರಿ ಒಂದೇ: ಭಾನುವಾರದೊಳಗೆ ಯಾರಿಗೂ ತಿಳಿಯದಂತೆ ಬ್ರೇಕು ಸರಿಮಾಡುವುದು.

ಶನಿವಾರ ಬೆಳಿಗ್ಗೆ ಅವನು ಕೌಲ್‌ಬಜಾರಿನ ಮೂಕಪ್ಪನ ಗ್ಯಾರೇಜಿಗೆ ನಡೆದುಕೊಂಡೇ ಹೋದ. ಮೂಕಪ್ಪ ಹತ್ತು ವರ್ಷದ ಪರಿಚಯದ ಮೆಕ್ಯಾನಿಕ್. ಹೋದ ವಾರ ಅವನಿಗೆ "ಇನ್ನ ಮ್ಯಾಲ ನಾವೇ ಮಾಡ್ಕೊಂತೀವಪಾ, ಎಲ್ಲಾ ವಿಡಿಯೋದಾಗ ಐತಿ" ಎಂದು ಒಂದು ಸಣ್ಣ ಭಾಷಣ ಮಾಡಿ ಬಂದಿದ್ದರಿಂದ ಕಾರು ತೆಗೆದುಕೊಂಡು ಹೋಗಲು ಮುಖವಿರಲಿಲ್ಲ. ಮೂಕಪ್ಪ ಟೆಂಪೋ ಅಡಿಯಲ್ಲಿದ್ದ. ಹೊರಗೆ ಕಾಣುತ್ತಿದ್ದುದು ಎರಡು ಪಾದ. ಜಂಬುನಾಥ ಪಾದಗಳ ಜೊತೆ ಮಾತಾಡಿದ.

"ಮೂಕಪ್ಪ, ನನ್ನ ಗೆಳೆಯಾಂದು ಒಂದು ಗಾಡಿ ಐತಿ. ಹೊಸ ಪ್ಯಾಡ್ ಹಾಕಿದ ಮ್ಯಾಲ ಬ್ರೇಕ್ ಹಿಡಿದ್ರ ಸ್ಟೇರಿಂಗ್ ನಡಗತೈತಂತ."

ಪಾದಗಳು ಸ್ವಲ್ಪ ಹೊತ್ತು ಯೋಚಿಸಿದವು. "ಗೆಳೆಯಾನ ಗಾಡಿ ಬಿಳೇದೇನ್ರಿ?"

"…ಹೂಂ."

"ಗೆಳೆಯಾ ವಿಡಿಯೋ ನೋಡಿ ಹಾಕ್ಯಾನೇನು?"

"ನೋಡಿದ್ದ ಅನಸತೈತಿ."

"ಗಾಲಿ ಕೂಡೋ ಜಾಗದಾಗ ಏನರ ಸಿಕ್ಕೊಂಡ್ರ ಹಂಗ ಆಗತೈತ್ರಿ. ಒಂದು ಕಸ ಇದ್ರೂ ಸಾಕು, ಗಾಲಿ ಡೊಂಕ ಕೂಡತೈತಿ, ಡಿಸ್ಕೂ ಅದರ ಕೂಡ ಡೊಂಕ ತಿರಗತೈತಿ. ಗಾಡಿ ತರಾಕ ಹೇಳ್ರಿ, ಬಿಚ್ಚಿ ನೋಡತೀನಿ."

"ಅಂವ ತರಾಂಗಿಲ್ಲಪಾ. ಭಾಳ ಸ್ವಾಭಿಮಾನಿ."

"ಪಾಪ," ಎಂದವು ಪಾದಗಳು. "ಹಂಗಾದ್ರ ಇನ್ನೊಂದೈತಿ. ಹೊಸ ಪ್ಯಾಡು ಪಳಗದಿದ್ರೂ ನಡಗತೈತಿ. ಖಾಲಿ ರಸ್ತ್ಯಾಗ ಅರವತ್ತಕ್ಕ ಓಡಿಸಿ, ಹದವಾಗಿ ಬ್ರೇಕ್ ಹಿಡದು ಹತ್ತಕ್ಕ ಇಳಸಬೇಕು. ನಿಲ್ಲಸಬಾರದು. ಹಿಂಗ ಒಂದು ಮೂವತ್ತು ಸಲ. ಗೆಳೆಯಾಗ ಹೇಳ್ರಿ, ನಿಮ್ಮ ಫೋಟೋ ಭಾಳ ಚಂದ ಬಂದೈತಿ ಅಂತ."

ಜಂಬುನಾಥ ತಲೆ ತಗ್ಗಿಸಿ ಮನೆಗೆ ಬಂದ. ಗಾಲಿ ಬಿಚ್ಚುವ ಮಾತನ್ನು ಅವನು ಪರಿಗಣಿಸಲೇ ಇಲ್ಲ. ಅಂಗಳದಲ್ಲಿ ಮತ್ತೆ ಜಾಕು ಕಂಡರೆ ಚಿದಾನಂದಪ್ಪನವರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೀಗಾಗಿ ಪಳಗಿಸುವ ದಾರಿಯೇ ಲೇಸೆನಿಸಿ, ಊರ ಹೊರಗಿನ ಬೈಪಾಸಿಗೆ ಹೋದ.

ಅರವತ್ತು, ಹತ್ತು. ಅರವತ್ತು, ಹತ್ತು. ಪ್ರತಿ ಸಲವೂ ಕಾರು ಗಡಗಡ ನಡುಗುತ್ತಿತ್ತು. ಜಂಬುನಾಥ ಬೆರಳೆಣಿಸುತ್ತ ಓಡಿಸಿದ. ಹಿಂದೆ ಬರುತ್ತಿದ್ದ ಹತ್ತಿಯ ಲಾರಿಯವನು ಹನ್ನೊಂದನೆಯ ಸಲಕ್ಕೆ ಪಕ್ಕಕ್ಕೆ ಬಂದು ಕನ್ನಡಕ್ಕೆ ಇಳಿಸಲಾಗದಂಥ ತೆಲುಗು ಬೈಗುಳ ಬೈದು ಹೋದ. ಹತ್ತೊಂಬತ್ತನೆಯ ಸಲಕ್ಕೆ ಎದುರಿಗೆ ಹೆಡ್ ಕಾನ್‌ಸ್ಟೆಬಲ್ ವಾಲ್ಮೀಕಿ ಕೈ ಅಡ್ಡ ಹಿಡಿದು ನಿಂತಿದ್ದ.

"ಇಳೀರಿ. ಅರ್ಧ ತಾಸಿಂದ ನೋಡಾಕತ್ತೀನಿ. ಹೋಗ್ತೀರಿ, ಅಂಜತೀರಿ, ಹೋಗ್ತೀರಿ, ಅಂಜತೀರಿ. ರಸ್ತ್ಯಾಗ ಏನು ಕಾಣತೈತಿ ನಿಮಗ? ಊದ್ರಿ ಇದರಾಗ."

ಜಂಬುನಾಥ ಊದಿದ. ಮಷೀನು ಸೊನ್ನೆ ತೋರಿಸಿತು. ವಾಲ್ಮೀಕಿ ಅದನ್ನು ತೊಡೆಗೆ ಬಡಿದು ಮತ್ತೆ ಊದಿಸಿದ. ಮತ್ತೂ ಸೊನ್ನೆ.

"ಕುಡೀದ ಹಿಂಗ ಓಡಸ್ತೀರೇನ್ರಿ?" ಎಂದು ಅವನು ನಿಜವಾಗಿ ನೊಂದು ಕೇಳಿದ. "ಮತ್ತ ಕೈ ಯಾಕ ನಡಗಾಕತ್ತಾವು?"

ಹತ್ತೊಂಬತ್ತು ಸಲ ಆ ಸ್ಟೇರಿಂಗು ಹಿಡಿದು, ಮೇಲೆ ಪೊಲೀಸರನ್ನೂ ಕಂಡ ಕೈಗಳು ಆ ಹೊತ್ತಿಗೆ ನಿಜವಾಗಿಯೂ ನಡುಗುತ್ತಿದ್ದವು. ವಾಲ್ಮೀಕಿ ಗಾಡಿಯ ಕಾಗದ ತೆಗೆಸಿ ಓದಿದ. ಮುಖ ಅರಳಿತು.

"ಮರಿಬಸಪ್ಪ, ಸಿರುಗುಪ್ಪ? ಡ್ರೈವರ್ ಮರಿಬಸಪ್ಪರು ನಿಮಗೇನಾಗಬೇಕು?"

"ಮಾವ ಆಗಬೇಕ್ರಿ."

"ಅಯ್ಯ, ನಮ್ಮೂರು ಕರೂರು! ಅವರ ಬಸ್ಸಿನಾಗ ಸಾಲಿಗಿ ಹೋದಾಂವ ನಾನು. ಎಂಥಾ ಕೈರೀ ಅವರದು! ಬಸ್ಸು ನಿಂತದ್ದು ಗೊತ್ತೇ ಆಗ್ತಿದ್ದಿಲ್ಲ. ಅಂಥಾವರ ಅಳಿಯಾ ಆಗಿ…" ಎಂದು ಜಂಬುನಾಥನ ಕೈಗಳನ್ನು ಮತ್ತೊಮ್ಮೆ ನೋಡಿ, ಲೊಚಗುಟ್ಟಿ, ಬಿಟ್ಟುಕೊಟ್ಟ. ಬಿಟ್ಟವನು ಸುಮ್ಮನಿರಬೇಕಲ್ಲ? ಹಳೆಯ ಅಭಿಮಾನಕ್ಕೆ ಮರಿಬಸಪ್ಪನವರ ನಂಬರು ಹುಡುಕಿ ಫೋನು ಮಾಡಿದ.

ಭಾನುವಾರ ಬೆಳಿಗ್ಗೆ ಸಿರುಗುಪ್ಪದ ಮಾವನ ಮನೆ ಮುಂದೆ ಕಾರು ನಿಂತಾಗ, ಅಂದರೆ ನಡುಗಿ ನಿಂತಾಗ, ಮರಿಬಸಪ್ಪ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಹಂಪೇಶ. ಅಮಾವಾಸ್ಯೆಯ ದರ್ಶನಕ್ಕೆ ಹೋಗುವವನು ಬೂಟು ಹಾಕಿಕೊಂಡು, ಕಣ್ಣಿಗೆ ತಂಪು ಕನ್ನಡಕ ಏರಿಸಿಕೊಂಡು, ಗಾಡಿ ಓಡಿಸಲೆಂದೇ ಹುಟ್ಟಿದವನ ಹಾಗೆ ಕೂತಿದ್ದ.

"ಬರ್ರಿ ಅಣ್ಣಾರ," ಎಂದ ಹಂಪೇಶ. "ಹುಷಾರು, ಮೆಟ್ಲ ಐತಿ. ಕೈ ಹಿಡೀಲೇನ್ರಿ?"

ಮರಿಬಸಪ್ಪ ಒಳಗೆ ನೋಡಿ ಕೂಗಿದರು. "ಪಾರೀ, ಒಂದು ಲೋಟ ನೀರು ತಾ. ತುಂಬ ತಾ."

ಅತ್ತೆ ಪಾರಮ್ಮ ಸ್ಟೀಲ್ ಲೋಟದ ಕಂಠದವರೆಗೆ ನೀರು ತಂದರು. ಮರಿಬಸಪ್ಪ ಅದನ್ನು ಕಟ್ಟೆಯ ಮೇಲೆ ಇಡಿಸಿದರು. "ನಾ ಕೆಲಸಕ್ಕ ಸೇರೋ ಮುಂದ ನಮ್ಮ ಉಸ್ತಾದ ಇದನ್ನ ಮಾಡಿಸಿದ್ದ. ಡಾಕ್ಟರ್ ಬ್ಯಾಡ, ಸ್ಕ್ಯಾನಿಂಗ್ ಬ್ಯಾಡ. ಇದನ್ನ ಹಿಡಕೊಂಡು ಆ ಬೇವಿನ ಗಿಡದತನ ಹೋಗಿ ಬಾ."

ಓಣಿಯ ಜನ ನಿಂತು ನೋಡಿದರು. ಗಂಗೋತ್ರಿ ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡಳು. ಜಂಬುನಾಥ ಲೋಟ ಎತ್ತಿದ, ನಡೆದ, ಬೇವಿನ ಗಿಡ ಸುತ್ತಿ ಬಂದ. ಒಂದು ಹನಿ ಚೆಲ್ಲಲಿಲ್ಲ. ಇಪ್ಪತ್ತೆರಡು ವರ್ಷ ಮೇಲಧಿಕಾರಿಗಳ ಮುಂದೆ ಅಲುಗಾಡದೆ ನಿಂತವನಿಗೆ ಅದೇನು ದೊಡ್ಡ ಕೆಲಸವಾಗಿರಲಿಲ್ಲ.

"ಹಂಪೇಶಾ, ನೀನೂ ಹೋಗಿ ಬಾ," ಎಂದರು ಮರಿಬಸಪ್ಪ.

ಹಂಪೇಶ ತಂಪು ಕನ್ನಡಕದಲ್ಲೇ ಹೋಗಿ ಅರ್ಧ ಲೋಟವನ್ನು ಬಲಗಾಲಿನ ಬೂಟಿಗೆ ಸುರಿದುಕೊಂಡ. ಆದರೆ ಗೊಬ್ಬರದಂಗಡಿಯವನ ಲೆಕ್ಕ ತಪ್ಪುವುದಿಲ್ಲ. ಬೂಟು ಕೊಡವುತ್ತ ಅಂದ, "ಸರಿ ಮಾಮಾ, ಅಣ್ಣಾರ ಕೈಯಾಗ ದೋಷ ಇಲ್ಲ. ಹಂಗಾದ್ರ ನಡಗೋದು ಗಾಡಿ. ಗಾಡಿಗಿ ಬ್ರೇಕ್ ಹಾಕಿದಾವ್ರು ಯಾರು? ಫೋಟೋ ಎಲ್ಲಾರೂ ನೋಡೀವಲ್ಲ. 'ಮೆಕ್ಯಾನಿಕ್ ಬೇಕಿಲ್ಲ, ಮನಸ್ಸು ಬೇಕು.'"

ಓಣಿಯಲ್ಲಿ ಯಾರೋ ನಕ್ಕರು. ಮರಿಬಸಪ್ಪ ನಗಲಿಲ್ಲ. "ನಾಷ್ಟಾ ಮಾಡ್ರಿ," ಎಂದರು. "ಆಮ್ಯಾಲ ಹಂಪೇಶ ಓಡಸ್ತಾನ, ನಾ ಪಕ್ಕಕ್ಕ ಕೂಡತೀನಿ. ಕೀಲಿ ಆ ಗೂಟಕ್ಕ ಹಾಕು ಅಳಿಯಾ."

ಜಂಬುನಾಥ ಕೀಲಿಯನ್ನು ಗೂಟಕ್ಕೆ ಹಾಕಿದ. ತನ್ನದಲ್ಲದ ಅಂಗಿ ಕಳಚಿಟ್ಟ ಹಾಗಾಯಿತು. ಸಿಟ್ಟು ಬರಲಿಲ್ಲ, ಸಿಟ್ಟಿಗೂ ಸ್ವಲ್ಪ ಶಕ್ತಿ ಬೇಕು. ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸುತ್ತಿದ್ದಾಗ, ಅಡಿಗೆಮನೆಯ ಕಿಟಕಿಯಿಂದ ಪಾರಮ್ಮನ ಪಿಸುಮಾತು ಕೇಳಿತು.

"ಒಂದು ಸಾಲಲಿಲ್ಲ ಗಂಗಾ, ಅದಕ್ಕ ಹಿಂಗಾಗೈತಿ. ಕೆಂಚನಗುಡ್ಡದ ಅಯ್ಯನವರಿಂದ ಇನ್ನೊಂದು ತಗಡು ಬರಸೀನಿ. ಮೊದಲಿಂದು ಇಟ್ಟಲ್ಲೇ ಇದನ್ನೂ ಇಡು."

"ಅಲ್ಲಿ ಹೆಂಗ ಇಡಲಿ ಬೇ? ಅವತ್ತರ ಗಾಲಿ ಬಿಚ್ಚಿ ಮಲಗಿಸಿದ್ರು, ಫೋಟೋ ತಗಸಾಕ ಹ್ವಾದ್ರು, ಗಾಲಿ ಬೆನ್ನಿಗಿ ಮೇಣ ಹಚ್ಚಿ ಅಂಟಿಸಿಬಿಟ್ಟೆ."

"ಯಾವ ಗಾಲಿ?"

"ಎಡಗಡಿ ಮುಂದಿಂದು. ಮತ್ತೆಲ್ಲಿ ಇಡ್ಲಿ? ಸೀಟಿನ ಬುಡಕ ದಿನಾ ಕಸ ಹೊಡೀತಾರ, ಡಿಕ್ಕಿ ದಿನಾ ವರಸ್ತಾರ. ಅವರು ನೋಡದ ಜಾಗ ಇಡೀ ಗಾಡ್ಯಾಗ ಅದೊಂದ ಇತ್ತು."

ಜಂಬುನಾಥ ಬಾಯೊಳಗಿನ ನೀರನ್ನು ನುಂಗಿಬಿಟ್ಟ. ಗಾಲಿ ಕೂಡುವ ಜಾಗದಲ್ಲಿ ಏನಾದರೂ ಸಿಕ್ಕಿಕೊಂಡರೆ, ಎಂದಿದ್ದವು ಮೂಕಪ್ಪನ ಪಾದಗಳು. ಅವನು ಅಡಿಗೆಮನೆಗೆ ಬಂದು ನಿಂತ. ಪಾರಮ್ಮ ತಾಮ್ರದ ತಗಡನ್ನು ಸೆರಗಿನಲ್ಲಿ ಮುಚ್ಚಿದರು. ಬೆಂಕಿಪೊಟ್ಟಣದಷ್ಟು ಅಗಲ, ಮೇಲೆ ಗೀರಿದ ಯಂತ್ರದ ಮನೆಗಳು, ಮಂತ್ರದ ಅಕ್ಷರಗಳು.

"ಅವರಿಗಿ ಹೇಳಬ್ಯಾಡ್ರಿ ಅಳಿಯಂದ್ರ," ಎಂದರು ಪಾರಮ್ಮ, ಕೈ ಮುಗಿದೇಬಿಟ್ಟರು. "ಅವರಿಗಿ ಇದು ಅಂದ್ರ ಆಗಂಗಿಲ್ಲ. 'ನಾ ಬ್ರೇಕ್ ನಂಬೀನಿ, ತಗಡು ನಂಬಂಗಿಲ್ಲ' ಅಂತಾರ. ಮೂವತ್ತಾರು ವರ್ಷ ಬಸ್ಸು ಬದಲಾದಾಗೊಮ್ಮೆ ಒಂದು ತಗಡು ಬರಸೀನಿ. ಡಿಪೋದಾಗ ಬಸ್ಸು ತೊಳೀತಿದ್ದ ಹೊನ್ನೂರಮ್ಮನ ಕೈಲೆ ಅವರ ಸೀಟಿನ ಬುಡಕ ಇಡಸೀನಿ. ಒಂದು ಕೋಳಿ ಸತ್ತಿಲ್ಲ. ಎಲ್ಲಾ ನನ್ನ ಬ್ರೇಕಿನ ಕೈ ಅಂತಾರ. ಅನ್ನಲಿ ಪಾಪ. ಈಗ ಗೊತ್ತಾದ್ರ ಅವರ ಮೂವತ್ತಾರು ವರ್ಷ ಮುರದಂಗ ಆಗತೈತಿ."

ಹೊರಗೆ ಕಟ್ಟೆಯ ಮೇಲೆ ಹಂಪೇಶ, ಫೋನಿನಲ್ಲಿ ನಲವತ್ತೊಂದು ಜನ ಬೀಗರ ಗುಂಪು, ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. ಒಂದು ಮಾತು ಹೇಳಿದರೆ ಸಾಕು: ಪ್ಯಾಡು ಸರಿಯಾಗಿಯೇ ಹಾಕಿದ್ದೆ, ತಪ್ಪು ನನ್ನದಲ್ಲ. ಜಂಬುನಾಥ ಜೀವನದಲ್ಲಿ ಮೊದಲ ಸಲ ಪೂರ್ತಿ ನಿರ್ದೋಷಿಯಾಗಿದ್ದ, ಅದಕ್ಕೆ ಸಾಕ್ಷಿಯೂ ಇತ್ತು. ಅವನು ಪಾರಮ್ಮನ ಮುಗಿದ ಕೈಗಳನ್ನು ನೋಡಿದ. ಅವು ಸ್ವಲ್ಪ ನಡುಗುತ್ತಿದ್ದವು.

"ಆ ಎರಡನೇದ್ದು ಗಾಲಿಗಿ ಮಾತ್ರ ಬ್ಯಾಡ್ರಿ ಅತ್ತಿ," ಎಂದಷ್ಟೇ ಹೇಳಿ ಹೊರಗೆ ಬಂದ.

"ಮಾಮಾ, ಹತ್ತು ನಿಮಿಷ ಕೊಡ್ರಿ. ಒಂದು ಗಾಲಿ ಬಿಚ್ಚಿ ನೋಡತೀನಿ."

"ಮತ್ತ ಫೋಟೋ ತಗೀಬೇಕೇನ್ರಿ ಅಣ್ಣಾರ?" ಎಂದ ಹಂಪೇಶ.

ಜಂಬುನಾಥ ಜಾಕು ಕೊಟ್ಟ. ಐದು ನಟ್ಟು ಬಿಚ್ಚಿ ಗಾಲಿ ಎಳೆದ. ತಗಡು ಅಲ್ಲಿತ್ತು. ಒಂದು ಮೂಲೆ ಮಡಚಿ, ಮೇಲಿನ ಅಕ್ಷರಗಳೆಲ್ಲ ಚಪ್ಪಟೆಯಾಗಿ, ಹತ್ತೊಂಬತ್ತು ಸಲ ಅರವತ್ತರಿಂದ ಹತ್ತಕ್ಕೆ ಇಳಿದ ದಣಿವೆಲ್ಲ ಅದರ ಮೇಲೆ ಕಾಣುತ್ತಿತ್ತು. ಅವನು ಬೆವರು ಒರೆಸುವ ನೆವದಲ್ಲಿ ಅದನ್ನು ಕಿತ್ತು ಅಂಗಿಯ ಜೇಬಿಗೆ ಇಳಿಸಿದ. ಮೇಣ ಒರೆಸಿ, ಗಾಲಿ ಕೂರಿಸಿ, ಎದುರುಬದುರಿನ ನಟ್ಟುಗಳನ್ನು ಒಂದೊಂದಾಗಿ ಬಿಗಿದ.

"ಏನಿತ್ತು?" ಎಂದರು ಮರಿಬಸಪ್ಪ.

"ಗಾಲಿ ಸರಿ ಕೂತಿದ್ದಿಲ್ಲ ಮಾಮಾ. ನಾನ ನೋಡಿ ಕೂಡಸಬೇಕಾಗಿತ್ತು, ಫೋಟೋದ ಗದ್ದಲದಾಗ ನೋಡಲಿಲ್ಲ. ನನ್ನ ತಪ್ಪು. ಕೈ ನಡಗತಾವಂತ ಅಂದದ್ದೂ ಸುಳ್ಳು."

ಮರಿಬಸಪ್ಪ ಕೂತಲ್ಲಿಂದಲೇ ಬಗ್ಗಿ ಗಾಲಿಯ ನಟ್ಟುಗಳನ್ನು ಎಣಿಸಿದರು.

"ಮೂವತ್ತಾರು ವರ್ಷ ಡಿಪೋದಾಗ ಇದ್ದೆ," ಎಂದರು. "ಗಾಡಿ ಕೆಟ್ರ ಡ್ರೈವರ್ ಮೆಕ್ಯಾನಿಕ್ಕಂದು ಅಂತಿದ್ದ. ಮೆಕ್ಯಾನಿಕ್ ರಸ್ತಿದು ಅಂತಿದ್ದ. ರಸ್ತಿಯಾವ್ರು ಮಳೀದು ಅಂತಿದ್ರು. ಮಳಿಗಿ ಬಾಯಿ ಇದ್ದಿದ್ರ ಅದು ಡ್ರೈವರಂದು ಅಂತಿತ್ತು. ನನ್ನ ತಪ್ಪು ಅಂದಾಂವನ್ನ ಇವತ್ತು ನೋಡಿದೆ." ಎದ್ದು ಚಪ್ಪಲಿ ಮೆಟ್ಟಿದರು. "ನಡೀರಿ, ಬಸವಣ್ಣನ ಮಂಗಳಾರತಿ ಹೊತ್ತಾತು."

"ಕೀಲಿ ತರಲೇನ್ರಿ ಮಾಮಾ?" ಎಂದ ಹಂಪೇಶ, ಆಗಲೇ ಡ್ರೈವರ್ ಬಾಗಿಲ ಹಿಡಿಕೆಗೆ ಕೈಯಿಟ್ಟು.

"ತಾ. ತಂದು ನಿಮ್ಮ ಅಣ್ಣಗ ಕೊಡು. ನೀ ಹಿಂದ ಕೂಡು, ಬೂಟು ಆರಲಿ."

ತೆಕ್ಕಲಕೋಟೆಯ ಮೊದಲ ರೋಡ್ ಹಂಪು ಬಂದಾಗ ಜಂಬುನಾಥ ಉಸಿರು ಹಿಡಿದು ಬ್ರೇಕ್ ಒತ್ತಿದ. ಪಕ್ಕದಲ್ಲಿ ಮಾವನ ಬಲಗಾಲು ಮ್ಯಾಟಿನ ತೂತಿನ ಮೇಲೆ ಒತ್ತಿತು. ಕಾರು, ಕಾಯಿಸಿದ ಹಾಲಿನ ಪಾತ್ರೆಯನ್ನು ನೆಲಕ್ಕೆ ಇಳಿಸಿದ ಹಾಗೆ, ಮೆತ್ತಗೆ ನಿಧಾನವಾಯಿತು. ಸ್ಟೇರಿಂಗು ಅಲುಗಲಿಲ್ಲ.

"ನೋಡ್ರಿ, ಎಷ್ಟು ಛಲೋ ಆತು!" ಎಂದರು ಹಿಂದಿನಿಂದ ಪಾರಮ್ಮ. "ಕಾಯೋದು ಕಾಯತೈತಿ."

"ಕಾಯೋದು ಬ್ರೇಕು," ಎಂದರು ಮರಿಬಸಪ್ಪ.

"ಹೂಂ, ನಾನೂ ಅದನ್ನ ಅಂದೆ."

ಕನ್ನಡಿಯಲ್ಲಿ ಪಾರಮ್ಮನ ಕಣ್ಣು ಜಂಬುನಾಥನ ಕಣ್ಣಿಗೆ ಸಿಕ್ಕು ಕಿಟಕಿಯ ಕಡೆ ಹೊರಳಿತು. ಜೇಬಿನ ತಗಡು ಅವನ ಎದೆಗೆ ಚುಚ್ಚುತ್ತಿತ್ತು. ಎರಡನೆಯ ತಗಡು ಎಲ್ಲಿದೆಯೆಂದು ಅವನು ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಹಂಪೇಶ ಮಾತ್ರ ಏನೋ ಒತ್ತಿದವನಂತೆ ಮೇಲಿಂದ ಮೇಲೆ ಸರಿದು ಕೂಡುತ್ತಿದ್ದ.

ಭತ್ತದ ಗದ್ದೆಗಳು ಸರಿದವು. ಕುರುಗೋಡಿನ ತಿರುವು ಹತ್ತಿರವಾದಾಗ ಇನ್ನೊಂದು ಹಂಪು ಬಂತು. ಜಂಬುನಾಥ ಬ್ರೇಕ್ ಒತ್ತಿ, ಮಾವನ ಕಾಲು ಮ್ಯಾಟಿನ ಮೇಲೆ ದಡ್ಡೆನ್ನುವುದನ್ನು ಕಾದ. ಸದ್ದು ಬರಲಿಲ್ಲ. ತಿರುಗಿ ನೋಡಿದ. ಮರಿಬಸಪ್ಪನವರ ತಲೆ ಕಿಟಕಿಗೆ ಒರಗಿತ್ತು, ಸ್ವಲ್ಪ ತೆರೆದ ಬಾಯಿಂದ ಸಣ್ಣ ಗೊರಕೆ ಬರುತ್ತಿತ್ತು, ಬಲಗಾಲು ಚಪ್ಪಲಿಯಿಂದ ಹೊರಬಿದ್ದು, ತೂತಿನ ಪಕ್ಕದಲ್ಲಿ ಬೆರಳು ಮೇಲಾಗಿ ಮಲಗಿತ್ತು.

ಜಂಬುನಾಥ ಹಿಂದಿನ ಬಸ್ಸಿನ ಹಾರ್ನಿಗೆ ಕಿವಿಗೊಡದೆ, ಆ ಹಂಪಿನಿಂದ ಕಾರನ್ನು ಒಂದೊಂದೇ ಗಾಲಿಯಾಗಿ ಇಳಿಸಿದ.